ಎಡಮನೆಯ ದರ

ಚನ್ನಾಜಮ್ಮನಿಗೆ ನೆಗಡಿಯಾಗಿದೆ ಎಂದು ಗೊತ್ತಾದ ದಿನ ನಾನು ಒಂದು ಗೆರೆಯನ್ನೂ ಎಳೆಯಲಿಲ್ಲ. ಬೆಳಿಗ್ಗೆ ಗೋಡೆಯಾಚೆಯಿಂದ ಸೀನುಗಳು ಸಾಲುಸಾಲಾಗಿ ಕೇಳಿಸಿದವು. ಒಲೆಯ ಮುಂದಿದ್ದ ನನ್ನ ಹೆಂಡತಿ ನೀಲಾ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. "ಶುಂಠಿ ಕಷಾಯ ಕೊಟ್ಟು ಬರ್ತೀನಿ" ಎಂದು ಅವಳು ಎದ್ದಳು. ಮೂಗು ಕಟ್ಟಿದವರಿಗೆ ಯಾರನ್ನು ಕಂಡರೂ ಆಗುವುದಿಲ್ಲ. ಆ ಸಿಡುಕಿನಲ್ಲೇ ಚನ್ನಾಜಮ್ಮ ಸೋಮವಾರ ಕಟ್ಟೆಯ ಮುಂದೆ ನಿಂತು ನನಗೆ ಇಪ್ಪತ್ತೆಂಟು ಎಂದುಬಿಟ್ಟರೆ, ನಾನು ತಿಂಗಳೆಲ್ಲ ಬೆನ್ನು ಬಗ್ಗಿಸಿ ಬರೆದದ್ದಕ್ಕೆ ಇಪ್ಪತ್ತೆಂಟೇ ಗತಿ.

ನಮ್ಮೂರಲ್ಲಿ ಬೀದಿ ಇರುವುದು ಒಂದೇ. ಅದು ಕೆರೆಯನ್ನು ಬಳಸಿಕೊಂಡು ಬಂದು ಹೊರಟ ಜಾಗಕ್ಕೇ ಸೇರುತ್ತದೆ. ಹಾಗಾಗಿ ಪ್ರತಿಯೊಬ್ಬರಿಗೂ ಒಂದು ಎಡಮನೆ, ಒಂದು ಬಲಮನೆ. ಹೊರಗಿನಿಂದ ಬರುವ ಹಣಕ್ಕೆ ನಾವು ಹೊರರೊಕ್ಕ ಎನ್ನುತ್ತೇವೆ. ಅದನ್ನು ಊರಿನ ಬಿಲ್ಲೆಗೆ ಬದಲಾಯಿಸಿಕೊಳ್ಳುವಾಗ, ಒಂದು ನೋಟಿಗೆ ಎಷ್ಟು ಬಿಲ್ಲೆ ಎಂದು ಹೇಳುವವರು ಎಡಮನೆಯವರು. ಅವರ ಬಾಯಿಂದ ಬಂದದ್ದೇ ದರ. ಕಟ್ಟೆಯ ಮೇಲೆ ಕೂತ ಚೆಲುವಯ್ಯ ಅದನ್ನು ಎರಡು ಸಲ ಕೂಗಿ ಬಿಲ್ಲೆ ಎಣಿಸಿಕೊಡುತ್ತಾನೆ. ಚೌಕಾಸಿ ಇಲ್ಲ, ಯಾಕೆ ಎಂದು ಕೇಳುವ ಹಾಗಿಲ್ಲ.

ಊರು ಇದಕ್ಕೆ ಹೊಂದಿಕೊಂಡೇ ಬೆಳೆದಿದೆ. ಹೆಣ್ಣು ಕೊಡುವವರು ಹುಡುಗನ ಕೆಲಸ ಕೇಳುವ ಮೊದಲು ಅವನ ಎಡಮನೆ ಹೇಗೆ ಎಂದು ಕೇಳುತ್ತಾರೆ. ಕಾವಲಿಯಿಂದ ಎದ್ದ ಮೊದಲ ದೋಸೆ ಎಡಮನೆಗೆ, ಹಿತ್ತಲಲ್ಲಿ ಬಿಟ್ಟ ಮೊದಲ ಸೋರೆಕಾಯಿ ಎಡಮನೆಗೆ. ಜಗಳವಾಡಲೇಬೇಕು ಅನ್ನಿಸಿದರೆ ಬಲಮನೆಯವರು ಇದ್ದೇ ಇದ್ದಾರೆ. ಸಕ್ಕರೆಯೆಲ್ಲ ಎಡಕ್ಕೆ, ಸಿಟ್ಟೆಲ್ಲ ಬಲಕ್ಕೆ. ನಿಮ್ಮ ದರ ಹೇಳುವವರ ದರ ನಿಮ್ಮ ಬಾಯಲ್ಲಿ ಇರುವುದಿಲ್ಲವಾದ್ದರಿಂದ ಸೇಡು ತೀರಿಸಿಕೊಳ್ಳುವ ಸುಖವೂ ಯಾರಿಗೂ ಇಲ್ಲ. ಇನ್ನೊಂದು ಕಟ್ಟುಪಾಡಿದೆ: ಹೊರರೊಕ್ಕ ಮನೆಗೆ ಬಂದ ಗಳಿಗೆಯಿಂದ ಮುಂದಿನ ಸೋಮವಾರ ಅದು ಬಿಲ್ಲೆಯಾಗುವ ತನಕ, ಆ ಮನೆಯವರು ಎಡಮನೆಯ ಹೊಸ್ತಿಲು ತುಳಿಯಬಾರದು, ಅವರೊಡನೆ ಮಾತಾಡಬಾರದು. ಓಲೈಸುವುದೇನಿದ್ದರೂ ಅದಕ್ಕೆ ಮೊದಲೇ ಮುಗಿಸಿಕೊಂಡಿರಬೇಕು.

ನಾನು ಕಾಮಿಕ್ಸ್ ಬರೆಯುವವನು. ಯಾರ ಕೈಕೆಳಗೂ ಇಲ್ಲ. ಬರೆದಷ್ಟು ಪುಟಕ್ಕೆ ದುಡ್ಡು. ಊರಲ್ಲಿ ಇದನ್ನು ಯಾರೂ ಓದುವುದಿಲ್ಲ. "ದೊಡ್ಡೋರು ಬೊಂಬೆ ಬರ್ದು ಹೊಟ್ಟೆ ಹೊರೀಬೋದಾ ಸ್ವಾಮಿ?" ಎಂದು ಬಲಮನೆಯ ರಾಚಯ್ಯ ಒಮ್ಮೆ ಕೇಳಿದ್ದ. ರಾಚಯ್ಯ ಮರದ ಬಾಚಣಿಗೆ ಕೆತ್ತಿ ಹೊರಗೆ ಕಳಿಸುತ್ತಾನೆ. ಆ ಮಾತು ಕೇಳಿದ ವಾರವೇ ಅವನಿಗೆ ರೊಕ್ಕ ಬಂತು. ಅವನಿಗೆ ಎಡಮನೆಯವನು ನಾನೇ. ಇಪ್ಪತ್ಮೂರು ಎಂದೆ. ಚೆಲುವಯ್ಯ ಕೂಗುವ ಮೊದಲು ಒಂದು ಸಲ ನನ್ನ ಮುಖ ನೋಡಿದ. ಅಂದಿನಿಂದ ರಾಚಯ್ಯ ನನ್ನ ಚಿತ್ರಗಳನ್ನು ಹೊಗಳತೊಡಗಿದ. ಹೊಗಳುವಾಗ ಚಿತ್ರದ ಕಡೆ ನೋಡುತ್ತಿರಲಿಲ್ಲ, ಅಷ್ಟೆ.

ನನ್ನ ಕಾಮಿಕ್ಸಿನ ಹೆಸರು 'ದರದಜ್ಜಿ'. ಬಾಗಿಲಲ್ಲಿ ನಿಂತು ಕಂಡದ್ದಕ್ಕೆಲ್ಲ ದರ ಹೇಳುವ ಮುದುಕಿಯೊಬ್ಬಳ ಕಥೆ. ಹೇಳುವ ಮೊದಲು ತಲೆಯ ಪಿನ್ನು ತೆಗೆದು ಕಿವಿ ತುರಿಸಿಕೊಳ್ಳುತ್ತಾಳೆ, ಎದುರಿಗಿರುವವರನ್ನು ಕಾಯಿಸುತ್ತಾಳೆ, ಬೇಡದ ಪ್ರಶ್ನೆಯನ್ನೆಲ್ಲ ಕೇಳುತ್ತಾಳೆ. ಮೋಡಕ್ಕೆ ಇಷ್ಟು, ಆಕಳಿಕೆಗೆ ಇಷ್ಟು, ಪಕ್ಕದ ಮನೆಯ ಕೂಸಿಗೆ ಇಷ್ಟು. ಹೊರಗಿನವರಿಗೆ ಇದು ಬಹಳ ಹಿಡಿಸಿತು. ಎಂಥ ಕಲ್ಪನೆ, ಇದೆಲ್ಲ ಎಲ್ಲಿಂದ ಹೊಳೆಯುತ್ತದೆ ಎಂದು ಸಂಪಾದಕ ಕೇಳುತ್ತಿದ್ದ. ಎಲ್ಲಿಂದ ಹೊಳೆಯಬೇಕು? ನನ್ನ ಮೇಜು ಇರುವುದೇ ಎಡಗೋಡೆಗೆ ಒತ್ತಿಕೊಂಡು. ಆ ಗೋಡೆ ನಮಗೂ ಚನ್ನಾಜಮ್ಮನಿಗೂ ಒಂದೇ.

ಎಲ್ಲಕ್ಕಿಂತ ಹೆಚ್ಚು ಓಡಿದ್ದು ಮಧ್ಯಾಹ್ನದ ಪುಟ. ಪ್ರತಿ ಸಂಚಿಕೆಯ ಕೊನೆಯಲ್ಲಿ ಬರುವ ಪುಟ ಅದು. ಚನ್ನಾಜಮ್ಮನ ಗಂಡ ಸತ್ತು ಬಹಳ ವರ್ಷವಾಯಿತು. ಊಟಕ್ಕೆ ಕೂತವರು ಸಾರಿಗೆ ಉಪ್ಪು ಜಾಸ್ತಿಯಾಯಿತು ಎಂದು ಗೊಣಗಿ, ಹಾಗೇ ಪಕ್ಕಕ್ಕೆ ವಾಲಿದರು, ಏಳಲಿಲ್ಲ. ಅಂದಿನಿಂದ ಆಕೆ ದಿನಾ ಮಧ್ಯಾಹ್ನ ಎರಡು ತಟ್ಟೆ ಇಡುತ್ತಾಳೆ. ಒಂದರ ಮುಂದೆ ತಾನು ಕೂತು, ಇನ್ನೊಂದರ ಜೊತೆ ಜಗಳ ತೆಗೆಯುತ್ತಾಳೆ. "ಉಪ್ಪು ಜಾಸ್ತಿ ಆಯ್ತಾ? ಆಗಿದ್ರೆ ಎದ್ದೋಗು. ಎದ್ದೋಗಿ ತೋರ್ಸು ನೋಡಾನ." ಹೊರಗೆ ಬಾಯಿ ಬಿಗಿದುಕೊಂಡಿರುವ ಹೆಂಗಸು ಮನೆಯೊಳಗೆ ಹೀಗೆ ದನಿ ಎತ್ತುತ್ತಿದ್ದಳು. ನಾನು ಈಚೆ ಕೂತು ಆ ಮಾತುಗಳನ್ನು ಅಕ್ಷರವೂ ಬಿಡದೆ ದರದಜ್ಜಿಯ ಬಾಯಿಗೆ ಹಾಕುತ್ತಿದ್ದೆ. ಕೊನೆಯ ಚೌಕ ಮಾತ್ರ ನನ್ನದು. ಅದರಲ್ಲಿ ಒಂದು ಬೆಕ್ಕು ಆ ಇನ್ನೊಂದು ತಟ್ಟೆಯ ಅನ್ನವನ್ನೆಲ್ಲ ತಿಂದು ಮೀಸೆ ನೆಕ್ಕಿಕೊಂಡು ಕೂತಿರುತ್ತದೆ. ಹೊರಗಿನವರು ಬಿದ್ದು ಬಿದ್ದು ನಗುತ್ತಿದ್ದದ್ದು ಆ ಬೆಕ್ಕಿಗೆ.

ತಪ್ಪು ಎಂದು ನನಗೆ ಆಗ ಅನ್ನಿಸಿರಲಿಲ್ಲ. ಕಿವಿಗೆ ಬಿದ್ದದ್ದನ್ನು ಬರೆಯುವುದು ನನ್ನ ಕಸುಬು. ಅಲ್ಲದೆ ಹೊರಗಿನ ಪತ್ರಿಕೆಯನ್ನು ಹೊರರೊಕ್ಕ ಕೊಟ್ಟು ಈ ಊರಿಗೆ ತರಿಸುವ ಪುಣ್ಯಾತ್ಮ ಯಾವನಿದ್ದ? ಆದರೂ ನೀಲಾ ಶುರುವಿನಲ್ಲೇ ತಕರಾರು ತೆಗೆದಿದ್ದಳು. ನಾನು ಗೆರೆ ಎಳೆಯುತ್ತೇನೆ, ಅವಳು ಬಣ್ಣ ತುಂಬುತ್ತಾಳೆ. ಮದುವೆಯಾದಾಗಿನಿಂದ ನಮ್ಮ ಸಂಸಾರ ನಡೆದಿರುವುದೇ ಹಾಗೆ. "ಪಾಪ ಕಣ್ರೀ, ಅವರ ಊಟದ ಹೊತ್ತು ಅದು" ಎಂದಳು. ನಾನು ಕೇಳದಿದ್ದಾಗ, "ಸೀರೆನಾದ್ರೂ ಬೇರೆ ಬಣ್ಣ ಮಾಡ್ತೀನಿ" ಎಂದು ಹಸಿರು ಹಾಕಿದಳು. ಚನ್ನಾಜಮ್ಮ ಉಡುವುದು ನೀಲಿ ಮಾತ್ರ. ಅವಳ ಹತ್ತಿರ ಇರುವ ಸೀರೆಗಳೆಲ್ಲ ನೀಲಿಯೇ.

ಈ ವರ್ಷ ಸಂಪಾದಕ ದೊಡ್ಡ ಕೆಲಸ ಒಪ್ಪಿಸಿದ. ಬಿಡಿ ಸಂಚಿಕೆಯಲ್ಲ, ಅರವತ್ತು ಪುಟದ ದರದಜ್ಜಿ ಪುಸ್ತಕ. ಪುಟಕ್ಕೆ ಹತ್ತು ನೋಟು, ಮಧ್ಯಾಹ್ನದ ಪುಟಗಳು ಎಷ್ಟಾದರೆ ಅಷ್ಟು ಒಳ್ಳೆಯದು. ನಾನು ಕುಣಿದಾಡಬೇಕಿತ್ತು. ಆದರೆ ಅದೇ ಹೊತ್ತಿಗೆ ನೀಲಾಳ ಕಣ್ಣಿಗೆ ಪೊರೆ ಬಂದಿರುವುದು ಗೊತ್ತಾಯಿತು. ಎರಡು ಕಣ್ಣಿಗೂ. ನನ್ನೆದುರು ಕೂತೇ ಕೆಲಸ ಮಾಡುವವಳು, ಹೇಳಿರಲಿಲ್ಲ. ಸಂಪಾದಕನೇ ಹೇಳಿದ: ಹೋದ ಸಂಚಿಕೆಯಲ್ಲಿ ಬೇವಿನ ಮರ ಯಾಕೆ ನೀಲಿಯಾಗಿದೆ, ಆದರೂ ಓದುಗರು ಮೆಚ್ಚಿದ್ದಾರೆ. ನಾನು ಮನೆಯಲ್ಲಿದ್ದ ಪ್ರತಿ ತೆಗೆದು ನೋಡಿದೆ. ಮರ ನೀಲಿ, ಗಿಳಿ ನೀಲಿ, ದರದಜ್ಜಿಯ ಸೀರೆಯೂ ನೀಲಿ. ಬಸ್ಸಿಗೆ ತಡವಾಯಿತೆಂದು ಆ ಪುಟಗಳನ್ನು ನಾನೇ ಸರಿಯಾಗಿ ನೋಡದೆ ಕಟ್ಟಿ ಕಳಿಸಿದ್ದೆ.

"ಬಟ್ಟಲು ಅದಲುಬದಲಾಗಿತ್ತು ಅನ್ಸುತ್ತೆ" ಎಂದಳು ನೀಲಾ. ಬಣ್ಣದ ಬಟ್ಟಲುಗಳನ್ನು ಅವಳು ಕಣ್ಣು ಮುಚ್ಚಿಕೊಂಡೇ ಎತ್ತಿಕೊಳ್ಳಬಲ್ಲವಳು, ಅಷ್ಟು ವರ್ಷದಿಂದ ಅವು ಅದದೇ ಜಾಗದಲ್ಲಿವೆ. ಸುಮ್ಮನೆ ಅವಳ ಎದುರು ಎರಡು ಬಟ್ಟಲು ಹಿಡಿದು ಯಾವುದು ಹಸಿರು ಎಂದು ಕೇಳಿದೆ. ಅವಳು ನೋಡುತ್ತಲೇ ಇದ್ದಳು. ಆಮೇಲೆ, "ಬೆಳಕಿಲ್ಲ ಇಲ್ಲಿ" ಎಂದು ಎದ್ದುಹೋದಳು. ಹೊರಗೆ ಬಿಸಿಲು ಸುಡುತ್ತಿತ್ತು. ನನಗೆ ಅಳು ಬಂತು. ಅವಳ ಮೇಲೂ ಸಿಟ್ಟು ಬಂತು, ನನ್ನ ಮೇಲೂ ಬಂತು.

ಊರಿನ ಕಣ್ಣಾಸ್ಪತ್ರೆಯವರು ಬಿಲ್ಲೆ ಬಿಟ್ಟು ಬೇರೆ ತೆಗೆದುಕೊಳ್ಳುವುದಿಲ್ಲ. ಅವರು ಹೇಳಿದ ಮೊತ್ತವನ್ನು ನನ್ನ ಆರು ನೂರು ನೋಟಿನಿಂದ ಭಾಗಿಸಿದರೆ ಮೂವತ್ತೈದು ಬರುತ್ತಿತ್ತು. ದರ ಮೂವತ್ತೈದಾದರೆ ಎರಡು ಕಣ್ಣು. ಅದಕ್ಕಿಂತ ಕಡಿಮೆಯಾದರೆ ಒಂದೇ, ಇನ್ನೊಂದಕ್ಕೆ ಮುಂದಿನ ಪುಸ್ತಕ ಕಾಯಬೇಕು. ಅಷ್ಟರಲ್ಲಿ ಅದು ಪೂರ್ತಿ ಮುಚ್ಚಿಕೊಳ್ಳುತ್ತದೆ ಎಂದು ವೈದ್ಯರು ಹೇಳಿದ್ದರು. ಚನ್ನಾಜಮ್ಮ ನನಗೆ ಮೂವತ್ತನಾಲ್ಕನ್ನು ದಾಟಿಸಿದ್ದೇ ಇಲ್ಲ. ಮನಸ್ಸು ಚೆನ್ನಾಗಿದ್ದರೆ ಮೂವತ್ತನಾಲ್ಕು, ಮೊಣಕಾಲು ನೋಯುತ್ತಿದ್ದರೆ ಮೂವತ್ತೊಂದು.

ಹೀಗೆ ನನ್ನ ದಿನಚರಿ ಎರಡು ಭಾಗವಾಯಿತು. ಬೆಳಿಗ್ಗೆ ಎದ್ದು ಚನ್ನಾಜಮ್ಮನ ಅಂಗಳಕ್ಕೆ ನೀರು ಸೇದಿಡುತ್ತಿದ್ದೆ, ಅವಳ ಸೂರಿನ ಹೆಂಚು ತಿರುಗಿಸಿದೆ, ಮೊಣಕಾಲಿಗೆ ಎಣ್ಣೆ ತಂದುಕೊಟ್ಟೆ. ಮಧ್ಯಾಹ್ನ ಕೂತು ಅವಳನ್ನು ಗೇಲಿ ಮಾಡುವ ಪುಟ ಬರೆಯುತ್ತಿದ್ದೆ. ಕೆಲಸ ಅಷ್ಟು ಚೆನ್ನಾಗಿ ಯಾವತ್ತೂ ಸಾಗಿರಲಿಲ್ಲ ಎಂದು ಹೇಳಲು ನನಗೆ ನಾಚಿಕೆಯಿಲ್ಲ. ಮೂಗಿನ ಡೊಂಕು, ತಟ್ಟೆ ಸರಿಸುವ ಕೈ, ಪಿನ್ನು ಹಿಡಿಯುವ ಬೆರಳು, ಎಲ್ಲ ಒಂದೇ ಎಳೆತಕ್ಕೆ ಬರುತ್ತಿದ್ದವು. ನೀಲಾ ಪುಟವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಬಣ್ಣ ತುಂಬುತ್ತಿದ್ದಳು. ಬಟ್ಟಲು ಎತ್ತಿಕೊಡುವುದು ಈಗ ನನ್ನ ಕೆಲಸ. ಹಸಿರು ಕೇಳಿದರೆ ಹಸಿರೇ ಕೊಡುತ್ತಿದ್ದೆ. ಕೆಲಸ ಮುಗಿಸಿ ಸಂಜೆ ಅವಳು ಎಡಮನೆಗೆ ಹೋಗಿ ಕೂತು ಬರುತ್ತಿದ್ದಳು. ಅದು ದರಕ್ಕೋಸ್ಕರ ಅಲ್ಲ, ಅವಳಿಗೆ ಅಲ್ಲಿ ಕೂರುವುದು ಇಷ್ಟ. ನಾನು ಅದನ್ನೂ ದರದ ಲೆಕ್ಕಕ್ಕೇ ಸೇರಿಸಿಕೊಂಡಿದ್ದೆ.

ಪುಸ್ತಕ ಮುಗಿಸಿ ಕಳಿಸಿ, ರೊಕ್ಕದ ದಾರಿ ಕಾಯುತ್ತಿದ್ದಾಗ ಎಡಮನೆಗೆ ಒಂದು ಪೊಟ್ಟಣದ ಕಾಗದ ಬಂತು. ದಿನಸಿ ಅಂಗಡಿಯವನು ಪೊಟ್ಟಣ ಕಟ್ಟಲು ಹೊರಗಿನಿಂದ ರದ್ದಿ ತರಿಸುತ್ತಾನೆ ಎಂಬುದು ನನಗೆ ಗೊತ್ತಿತ್ತು. ನಮ್ಮ ಮನೆಯ ಮೆಂತ್ಯ, ಸಾಸಿವೆ ಎಲ್ಲ ಅದರಲ್ಲೇ ಬರುತ್ತಿತ್ತು. ನನ್ನ ಪತ್ರಿಕೆಯೂ ಒಂದು ದಿನ ರದ್ದಿಯಾಗುತ್ತದೆ ಎಂಬುದು ಮಾತ್ರ ತಲೆಗೆ ಹೊಳೆದಿರಲಿಲ್ಲ. ನಾವು ಬರೆಯುವವರಿಗೆ ಅದೊಂದು ಹೊಳೆಯುವುದಿಲ್ಲ.

ಚನ್ನಾಜಮ್ಮ ಮೆಣಸಿನಕಾಯಿ ಘಾಟಿನ ಕಾಗದವನ್ನು ನೇವರಿಸುತ್ತ ನಮ್ಮ ಜಗುಲಿಗೆ ಬಂದು ಕೂತಳು. ನಾನು ಒಳಗೆ ಮೇಜಿನ ಹತ್ತಿರ ಇದ್ದೆ.

"ನೀಲಾ, ಇದೇನೈತೆ ಓದವ್ವ. ನಂಗೆ ಅಕ್ಷರ ಬರಾಕಿಲ್ಲ. ಇವ್ಳ್ಯಾರೋ ನನ್ ಸೀರೇನೇ ಉಟ್ಕೊಂಡವ್ಳೆ ನೋಡು."

ನೀಲಿ ಸೀರೆಯ ಸಂಚಿಕೆ. ಮಧ್ಯಾಹ್ನದ ಪುಟ. ನೀಲಾ ಕಾಗದವನ್ನು ಕಣ್ಣಿನ ಹತ್ತಿರಕ್ಕೆ ತಂದಳು, ದೂರ ಹಿಡಿದಳು. ಅದರಲ್ಲಿ ಏನಿದೆ ಎಂದು ಓದಿ ತಿಳಿಯುವ ಅಗತ್ಯ ಅವಳಿಗಿರಲಿಲ್ಲ.

"ಒಬ್ಬ ಅಜ್ಜಿ ಗಂಡನಿಗೆ ಊಟ ಬಡಿಸ್ತಿದಾಳೆ, ಅಮ್ಮ" ಎಂದಳು. "ಇನ್ನೊಂಚೂರು ಹಾಕಲಾ ಅಂತ ಕೇಳ್ತಾಳೆ. ಹಾಕು ಅಂತಾನೆ ಅವನು. ಸಾರು ಹೇಗಿದೆ ಅಂದ್ರೆ, ಎಲ್ಲ ಹದವಾಗಿದೆ, ನಿನ್ನ ಕೈ ರುಚಿ ಯಾರಿಗೂ ಬರಲ್ಲ ಅಂತಾನೆ."

"ಹಂಗಂತಾನಾ?"

"ಹಾಗೇ ಬರೆದಿದೆ."

"ಅವ್ನು ಕಾಣಾಕಿಲ್ವಲ್ಲ ಇದ್ರಾಗೆ."

"ಅವನು ಚಿತ್ರದಿಂದ ಆಚೆ ಕೂತಿದಾನೆ."

ಚನ್ನಾಜಮ್ಮ ಚಿತ್ರದ ಅಂಚಿನ ಮೇಲೆ ಬೆರಳಿಟ್ಟಳು. "ಹೂಂ. ಆಚೆನೇ ಕುಂತಿರ್ತಾನೆ" ಎಂದಳು. "ಈ ಬೆಕ್ಕು?"

"ಸಾಕಿದ ಬೆಕ್ಕು."

ಆಕೆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋದಳು. ಹೋಗುವಾಗ ಮುಖದಲ್ಲಿ ನಗು ಇತ್ತು. ಆ ಮುಖವನ್ನು ನಾನು ಒಂದು ಪುಟದಲ್ಲೂ ಬರೆದಿರಲಿಲ್ಲ. ನೀಲಾ ಒಳಗೆ ಬಂದು ನನ್ನನ್ನು ದಾಟಿಕೊಂಡು ಅಡುಗೆಮನೆಗೆ ಹೋದಳು. ನಾನು ಬದುಕಿದೆಯಾ ಬಡಜೀವವೇ ಎಂದುಕೊಂಡೆ. ಮೂವತ್ತಾರಾದರೂ ಆದೀತು ಎಂದು ಮನಸ್ಸು ಆಗಲೇ ಎಣಿಸತೊಡಗಿತ್ತು.

ಗುರುವಾರ ರೊಕ್ಕ ಬಂತು. ಆರು ನೂರು ನೋಟು, ಗರಿಗರಿಯಾದವು. ಅಲ್ಲಿಗೆ ಎಡಮನೆಯ ದಾರಿ ಮುಚ್ಚಿತು. ಶುಕ್ರವಾರ ಮಧ್ಯಾಹ್ನ ಅಭ್ಯಾಸಬಲದಿಂದ ಮೇಜಿನ ಮುಂದೆ ಕೂತು ಕಿವಿ ಕೊಟ್ಟೆ. ಗೋಡೆಯಾಚೆ ತಟ್ಟೆ ಇಟ್ಟ ಸದ್ದಾಯಿತು. ಒಂದೇ ತಟ್ಟೆ. ಮಾತಿಲ್ಲ. ಕೆಮ್ಮಿದ್ದು ಕೇಳಿಸಿತು, ನೀರು ಕುಡಿದದ್ದು ಕೇಳಿಸಿತು. ಇಷ್ಟು ವರ್ಷದಲ್ಲಿ ಒಂದು ದಿನವೂ ತಪ್ಪದ ಜಗಳ ಅಂದು ಇರಲಿಲ್ಲ.

ಸಂಜೆ ರಾಚಯ್ಯ ತಾನೇ ಬಂದ. ಬಂದವನು ಜಗುಲಿ ಹತ್ತದೆ ಕೆಳಗೇ ನಿಂತ.

"ಚನ್ನಾಜಮ್ಮೋರು ನಿನ್ನೆ ಬಂದಿದ್ರು ಸ್ವಾಮಿ. ಒಂದ್ ಕಾಗ್ದ ಓದ್ಸಿದ್ರು."

"ಅದನ್ನ ನೀಲಾ ಓದಿ ಹೇಳಿದ್ಲಲ್ಲ!"

"ಇನ್ನೊಂದಪ ಕೇಳ್ಬೇಕು ಅನ್ಸ್ತಂತೆ. ಪಾಪ, ನೀಲಾ ಕಣ್ಣಿಗ್ಯಾಕೆ ತ್ರಾಸ ಕೊಡಾದು ಅಂತ ನನ್ತಾವ ಬಂದ್ರು." ರಾಚಯ್ಯ ಬೆರಳಿನಿಂದ ಮರದ ಹೊಟ್ಟು ಉಜ್ಜಿಕೊಳ್ಳುತ್ತಿದ್ದ. "ನಾನು ಬರ್ದಿರಾದ್ನೇ ಓದ್ದೆ. ಬಿಡ್ಲಿಲ್ಲ, ಸೇರಿಸ್ಲಿಲ್ಲ. ಕೆಳ್ಗಡೆ ನಿಮ್ ಹೆಸ್ರೈತೆ, ಅದ್ನೂ ಓದ್ದೆ."

"ಅವರು ಏನಂದ್ರು?"

"ಇನ್ನೊಂದ್ಸಲ ಓದು ಅಂದ್ರು. ಓದ್ದೆ. ಎದ್ದೋದ್ರು." ಅವನು ತಲೆಯೆತ್ತಿ ನನ್ನನ್ನು ನೋಡಿದ. "ಇಪ್ಪತ್ಮೂರು ಅಂದೋರಿಗೆ ಸುಳ್ ಓದಿ ಉಪ್ಕಾರ ಮಾಡೋ ಅಷ್ಟು ದೊಡ್ ಮನ್ಸ ನಾನಲ್ಲ ಸ್ವಾಮಿ."

ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಕ್ಷಮೆ ಕೇಳೋಣವೆಂದರೆ ಹೊಸ್ತಿಲು ತುಳಿಯುವಂತಿಲ್ಲ, ಗೋಡೆಗೆ ಬಾಯಿ ಇಟ್ಟು ಕೂಗುವಂತಿಲ್ಲ. ನಿಜ ಹೇಳಬೇಕೆಂದರೆ ಕ್ಷಮೆಗಿಂತ ಹೆಚ್ಚಾಗಿ ನನ್ನನ್ನು ಕೊರೆಯುತ್ತಿದ್ದದ್ದು ಅಂಕಿಯೇ. ಮೂವತ್ತೊಂದಾಗಬಹುದೆ? ಇಪ್ಪತ್ತು? ಹತ್ತು ಎಂದವರೂ ಊರಿನಲ್ಲಿ ಇದ್ದಾರೆ. ನೀಲಾಳಿಗೆ ರಾಚಯ್ಯ ಬಂದದ್ದನ್ನೂ ಮಧ್ಯಾಹ್ನ ಗೋಡೆಯಾಚೆ ಕೇಳಿಸಿದ್ದನ್ನೂ ಹೇಳಿದಾಗ ಅವಳು ಕಣ್ಣಿನ ಮಾತೇ ಎತ್ತಲಿಲ್ಲ. "ಒಂದೇ ತಟ್ಟೆ ಇಟ್ರಾ?" ಎಂದಷ್ಟೇ ಕೇಳಿದಳು.

ಸೋಮವಾರ ಕಟ್ಟೆಯ ಮುಂದೆ ಎಂದಿಗಿಂತ ಹೆಚ್ಚು ಜನ ಸೇರಿದ್ದರು. ಸುದ್ದಿ ಬೀದಿಯನ್ನು ಒಂದು ಸುತ್ತು ಹಾಕಿ ಬಂದಿತ್ತು. ಚನ್ನಾಜಮ್ಮ ನೀಲಿ ಸೀರೆಯಲ್ಲಿ ಬಂದು ರೊಕ್ಕ ಇಡುವ ಕಲ್ಲಿನ ಪಕ್ಕ ನಿಂತಳು. ನೀಲಾ ನನ್ನ ತೋಳು ಹಿಡಿದುಕೊಂಡಿದ್ದಳು. ನಾನು ನೋಟಿನ ಕಟ್ಟನ್ನು ಕಲ್ಲಿನ ಮೇಲಿಟ್ಟೆ. ಯಾವ ಕೆಲಸಕ್ಕೆ ಬಂದ ರೊಕ್ಕ ಎಂದು ಎಡಮನೆಯವರು ಕೇಳುವುದು, ಗಳಿಸಿದವರು ಹೇಳುವುದು ಪದ್ಧತಿ. ಸಾಮಾನ್ಯವಾಗಿ ಅದು ಬರೀ ಶಾಸ್ತ್ರಕ್ಕೆ.

"ಯಾತಕ್ ಬಂದ ರೊಕ್ಕ?" ಎಂದಳು ಚನ್ನಾಜಮ್ಮ.

"ಚಿತ್ರ ಬರೆದದ್ದಕ್ಕೆ."

"ಯಾರ ಚಿತ್ರ?"

ಇದು ಪದ್ಧತಿಯಲ್ಲಿ ಇರಲಿಲ್ಲ. ಚೆಲುವಯ್ಯ ಕೆಮ್ಮಿದ, ಆದರೆ ಅಡ್ಡ ಬರಲಿಲ್ಲ. ನಾನು ಸುತ್ತ ನೋಡಿದೆ. ರಾಚಯ್ಯ ಬಾಚಣಿಗೆಯ ಗಂಟನ್ನು ಕಂಕುಳಲ್ಲಿಟ್ಟುಕೊಂಡು ನಿಂತಿದ್ದ.

"ನಿಮ್ಮದು" ಎಂದೆ.

ಆಕೆ ಪಿನ್ನು ತೆಗೆಯಲು ತಲೆಗೆ ಕೈ ಹಾಕಿದಳು. ಜನರ ನಡುವೆ ಯಾರೋ ಕಿಸಕ್ಕೆಂದರು. ಪುಟದಲ್ಲಿ ಹಾಗೆಯೇ ಇದೆ ಎಂಬುದು ಊರಿಗೆಲ್ಲ ಗೊತ್ತಾಗಿತ್ತು. ಚನ್ನಾಜಮ್ಮನ ಕೈ ಅಲ್ಲೇ ನಿಂತಿತು. ಪಿನ್ನು ಮುಟ್ಟದೆ ಕೈಯನ್ನು ಮೆಲ್ಲಗೆ ಕೆಳಗಿಳಿಸಿ ಸೆರಗಿನೊಳಗೆ ಸೇರಿಸಿಕೊಂಡಳು.

"ಹಂಗಾರೆ ನಾನೇಳೋದು ನಂದೇ ಬೆಲೆ" ಎಂದಳು. "ಐವತ್ತು."

ಚೆಲುವಯ್ಯ ಕಿವಿ ಮುಂದೆ ಮಾಡಿದ. "ಎಷ್ಟಂದ್ರಿ?"

"ಐವತ್ತು. ಈ ಒಂದಪಕ್ಕಲ್ಲ, ಯಾವಾಗ್ಲೂ. ನಾನು ಇರೋಗಂಟ ಇವ್ನ ರೊಕ್ಕಕ್ಕೆ ಇದೇ ದರ. ಕೂಗು."

ಬೀದಿಯಲ್ಲಿ ನಲವತ್ತನ್ನು ಯಾರೂ ಕಂಡಿರಲಿಲ್ಲ. ಚೆಲುವಯ್ಯನ ದನಿ ಮೊದಲ ಸಲ ಹೊರಡಲಿಲ್ಲ. ಎರಡನೆಯ ಸಲ ಕೂಗಿದಾಗ ಜನ ಹೋ ಎಂದರು. ಎಂಥ ದೊಡ್ಡ ಗುಣ ಎಂದು ಹೆಂಗಸರು ಕಣ್ಣೊರೆಸಿಕೊಂಡರು. ಚನ್ನಾಜಮ್ಮ ಹೊರಟವಳು ನನ್ನ ಹತ್ತಿರ ನಿಂತಳು.

"ಅವ್ಳಿಗೆ ಕಣ್ ಮಾಡ್ಸು" ಎಂದಳು, ನನಗೆ ಮಾತ್ರ ಕೇಳುವ ಹಾಗೆ. "ಮಾಡ್ಸಿ, ನೀ ಬರ್ದಿರಾದ್ನೆಲ್ಲ ಅವ್ಳ ಮುಂದೆ ಇಡು. ಸರ್ಯಾಗಿ ನೋಡ್ಲಿ."

ಎರಡು ಕಣ್ಣೂ ಆದವು. ಬಿಲ್ಲೆ ಮಿಕ್ಕಿತು ಕೂಡ. ಪಟ್ಟಿ ಬಿಚ್ಚಿದ ವಾರ ನೀಲಾ ಹಳೆಯ ಸಂಚಿಕೆಗಳನ್ನೆಲ್ಲ ಬಾಗಿಲ ಬೆಳಕಿಗೆ ತಂದು ಒಂದೊಂದಾಗಿ ತಿರುವಿದಳು. ಬಣ್ಣ ಹಾಕುವಾಗ ಅವಳು ಪುಟವನ್ನು ತುಂಡುತುಂಡಾಗಿ ನೋಡಿದ್ದಳೇನೋ. ಈಗ ಇಡೀ ಪುಟ ನೋಡುತ್ತಿದ್ದಳು. ನಾನು ಪಕ್ಕದಲ್ಲೇ ಕೂತಿದ್ದೆ. ಹೊಗಳುತ್ತಾಳೆಂಬ ಆಸೆ ನನಗೆ ಆಗಲೂ ಇತ್ತು.

"ಈ ಬೆಕ್ಕು ಎಲ್ಲಿಂದ ಬಂತು?" ಎಂದಳು ಕೊನೆಗೆ. "ಅವರ ಮನೇಲಿ ಬೆಕ್ಕೇ ಇಲ್ವಲ್ಲ."

"ನಗಬೇಕಲ್ಲ ಜನ, ಅದಕ್ಕೆ."

"ಅವರು ಹೇಳ್ತಿದ್ದದ್ದು ಸಾಲದೇ ಹೋಯ್ತಾ ನಿಮಗೆ?"

ಅವಳು ಎದ್ದು ಕುಂಚಗಳನ್ನು ತೊಳೆದು, ಒರೆಸಿ, ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟಳು. ಜಗಳವಾಡಲಿಲ್ಲ. ಜಗಳವಾಡಿದ್ದರೆ ನನಗೂ ಎರಡು ಮಾತಾಡಲು ಅವಕಾಶ ಸಿಗುತ್ತಿತ್ತು.

ಪುಸ್ತಕ ಹೊರಗೆ ಚೆನ್ನಾಗಿ ಓಡುತ್ತಿದೆ, ಎರಡನೆಯದು ಬೇಗ ಬೇಕು ಎಂದು ಸಂಪಾದಕನ ಒತ್ತಾಯ. ಅದರಲ್ಲಿ ಮಧ್ಯಾಹ್ನದ ಪುಟಗಳೇ ಹೆಚ್ಚಿರಬೇಕಂತೆ. ನಾನು ಬರೆದು ಕಳಿಸಿದೆ. ಕಿವಿಗೆ ಬೀಳದ ಮಾತನ್ನು ತಲೆಯಿಂದ ಹುಟ್ಟಿಸಿ ದರದಜ್ಜಿಯ ಬಾಯಿಗೆ ತುರುಕಿದೆ, ಒಂದಕ್ಕೆ ಎರಡು ಬೆಕ್ಕು ಕೂರಿಸಿದೆ. ವಾಪಸ್ಸು ಬಂತು. ಅಜ್ಜಿ ಮೊದಲಿನ ಹಾಗೆ ಮಾತಾಡುತ್ತಿಲ್ಲ ಎಂದ. ಇನ್ನೊಮ್ಮೆ ಕಳಿಸಿದೆ, ಅದೂ ವಾಪಸ್ಸು ಬಂತು. ಸೋಮವಾರಗಳಂದು ಚೆಲುವಯ್ಯ ಕಟ್ಟೆ ತೆರೆಯುವಾಗ, ಕಾಯಂ ದರ ಇರುವವನು ನಾನೊಬ್ಬನೇ ಆದ್ದರಿಂದ, ಮೊದಲು ನನ್ನ ಹೆಸರು ಕೂಗುತ್ತಾನೆ. "ದಿವಾಕರ, ಐವತ್ತು! ದಿವಾಕರ, ಐವತ್ತು!" ಜನ ನನ್ನನ್ನು ಕಂಡರೆ ನಿಂತು ಮಾತಾಡಿಸುತ್ತಾರೆ. ಇಂಥ ಎಡಮನೆ ಸಿಗಲು ಪುಣ್ಯ ಮಾಡಿರಬೇಕು ಎನ್ನುತ್ತಾರೆ. ಬದಲಾಯಿಸಲು ನನ್ನ ಹತ್ತಿರ ಒಂದು ನೋಟೂ ಇಲ್ಲ. ಹೋದ ವಾರ ರಾಚಯ್ಯನಿಗೆ ರೊಕ್ಕ ಬಂದಿತ್ತು. ಹತ್ತು ಎನ್ನಲು ನಾಲಿಗೆ ಸಿದ್ಧವಾಗಿಯೇ ಇತ್ತು. ಚನ್ನಾಜಮ್ಮ ಜನರ ನಡುವೆ ನಿಂತು ನನ್ನನ್ನೇ ನೋಡುತ್ತಿದ್ದಳು. ಮೂವತ್ತು ಎಂದು ಹೇಳಿ ತಲೆ ತಗ್ಗಿಸಿಕೊಂಡು ಬಂದೆ.

ಈಗ ನೀಲಾ ಮಧ್ಯಾಹ್ನದ ಊಟಕ್ಕೆ ಎಡಮನೆಗೆ ಹೋಗುತ್ತಾಳೆ. ನನ್ನದನ್ನು ಮುಚ್ಚಿಟ್ಟು ಹೋಗುತ್ತಾಳೆ. ಗೋಡೆಯಾಚೆ ಮತ್ತೆ ಎರಡು ತಟ್ಟೆಯ ಸದ್ದು ಬರುತ್ತದೆ. ಮಾತೂ ಬರುತ್ತದೆ, ಆದರೆ ಇಬ್ಬರೂ ದನಿ ಇಳಿಸಿ ಆಡುವುದರಿಂದ ಒಂದು ಪದವೂ ಬಿಡಿಯಾಗಿ ಕೇಳಿಸುವುದಿಲ್ಲ. ಮೊದಮೊದಲು ಗೋಡೆಗೆ ಕಿವಿ ಒತ್ತಿಕೊಂಡು ನಿಲ್ಲುತ್ತಿದ್ದೆ. ಈಗ ಅದನ್ನೂ ಬಿಟ್ಟಿದ್ದೇನೆ.

ಇವತ್ತು ಸಂಪಾದಕನಿಗೆ ಇನ್ನು ನನ್ನಿಂದಾಗದು ಎಂದು ಕಾಗದ ಹಾಕಿ ಬಂದು, ಹಸಿದು, ಮೇಜಿನ ಮೇಲಿನ ಕಾಗದಗಳನ್ನು ಪಕ್ಕಕ್ಕೆ ತಳ್ಳಿ ಅಲ್ಲೇ ತಟ್ಟೆ ಇಟ್ಟುಕೊಂಡು ಕೂತೆ. ಅನ್ನಕ್ಕೆ ಸಾರು ಕಲಸಿ ಒಂದು ತುತ್ತು ಬಾಯಿಗಿಟ್ಟರೆ ಸಪ್ಪೆ. ನೀಲಾ ಮರೆತಿದ್ದಳೋ, ಏನೋ. ಎದುರಿಗೆ ಅವಳು ಬಣ್ಣ ತುಂಬಲು ಕೂರುತ್ತಿದ್ದ ಮಣೆ ಖಾಲಿಯಿತ್ತು. ಮೈಯೆಲ್ಲ ಉರಿದುಹೋಯಿತು.

"ಉಪ್ಪೇ ಹಾಕಿಲ್ವಲ್ಲೇ!" ಎಂದು ಆ ಮಣೆಗೆ ಕೂಗಿದೆ. "ಹೀಗೆ ಮಾಡಿದ್ರೆ ನಾನು ತಿನ್ನಲ್ಲ, ಎದ್ದುಹೋಗ್ತೀನಿ ನೋಡು!"

ಗೋಡೆಯಾಚೆ ಮಾತು ನಿಂತಿತು. ತಟ್ಟೆಯ ಸದ್ದೂ ನಿಂತಿತು. ನಾನು ತುತ್ತು ಹಿಡಿದ ಕೈಯನ್ನು ಹಾಗೇ ಹಿಡಿದು ಕೂತೆ. ಆಮೇಲೆ ಮೊದಲು ಚನ್ನಾಜಮ್ಮ, ಅವಳ ಹಿಂದೆಯೇ ನೀಲಾ, ಬಿದ್ದು ಬಿದ್ದು ನಗತೊಡಗಿದರು.